ಮೂಗಿನ ಮೇಲಣ ಉಪಕರಣ

ಕನ್ನಡಕ ಧರಿಸುವವರ ಕಷ್ಟಗಳು ನಮ್ಮಲ್ಲಿ ಬಹುಕಾಲದಿಂದ ನಗೆಬರಹಕ್ಕೆ ಒದಗಿಬಂದ ವಸ್ತು. ಹಣೆಯ ಮೇಲೆ ಕನ್ನಡಕವನ್ನಿಟ್ಟುಕೊಂಡು ಮನೆಯೆಲ್ಲ ಹುಡುಕುವ ಅಜ್ಜ, ಇಡ್ಲಿಯ ಪಾತ್ರೆಯ ಮುಚ್ಚಳ ತೆಗೆದೊಡನೆ ಏನೂ ಕಾಣದೆ ನಿಂತುಬಿಡುವ ಅಡುಗೆಯವರು, ಮಳೆಯಲ್ಲಿ ಫಲಕ ಓದಲಾರದೆ ಬೇರೆ ಊರಿನ ಬಸ್ಸು ಹತ್ತಿದ ಗುಮಾಸ್ತ, ಇವರೆಲ್ಲರೂ ನಮಗೆ ಪರಿಚಿತರು. ನಗುವುದರಲ್ಲಿ ತಪ್ಪೇನೂ ಇಲ್ಲ. ಆದರೆ ನಕ್ಕು ಮುಗಿದ ಮೇಲೆ ಎರಡು ಸಂಗತಿಗಳನ್ನು ವಿಚಾರಿಸಬೇಕಾಗಿದೆ. ಈ ಕಷ್ಟಗಳಲ್ಲಿ ಹೆಚ್ಚಿನವಕ್ಕೆ ಭೌತಶಾಸ್ತ್ರದಲ್ಲಿ ಸ್ಪಷ್ಟವಾದ ಕಾರಣವುಂಟು. ಕಾರಣ ತಿಳಿದರೆ ಅವುಗಳಲ್ಲಿ ಹಲವನ್ನು ನಿವಾರಿಸಬಹುದು. ಅಲ್ಲದೆ, ವೈದ್ಯರು ಬರೆದುಕೊಟ್ಟ ಕನ್ನಡಕವು ಮೂಗಿನ ಮೇಲೆ ಉಳಿಯುವುದೋ ಮೇಜಿನ ಖಾನೆ ಸೇರುವುದೋ ಎಂಬುದನ್ನು ಕೊನೆಗೆ ನಿರ್ಧರಿಸುವುದು ಈ ಸಣ್ಣ ಕಷ್ಟಗಳೇ. ಖಾನೆಯಲ್ಲಿರುವ ಕನ್ನಡಕದಿಂದ ಯಾರ ದೃಷ್ಟಿಯೂ ಸುಧಾರಿಸದು.

ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಪ್ರಕಟಿಸಿದ ವರದಿಯಂತೆ, ಜಗತ್ತಿನಲ್ಲಿ ಕನಿಷ್ಠ 220 ಕೋಟಿ ಜನರಿಗೆ ಹತ್ತಿರದ ಅಥವಾ ದೂರದ ದೃಷ್ಟಿಯಲ್ಲಿ ಕೊರತೆಯುಂಟು. ಅವರಲ್ಲಿ ಕನಿಷ್ಠ 100 ಕೋಟಿ ಜನರ ಕೊರತೆಯು ತಡೆಯಬಹುದಾಗಿದ್ದುದು, ಇಲ್ಲವೆ ಇನ್ನೂ ಪರಿಹಾರ ಕಾಣದೆ ಉಳಿದುದು. ಈ ಗುಂಪಿನ ಬಹುಮಂದಿಗೆ ಬೇಕಾಗಿರುವುದು ಒಂದು ಜೊತೆ ಕನ್ನಡಕವಷ್ಟೆ. ಸರ್ಕಾರಗಳೂ ಸೇವಾಸಂಸ್ಥೆಗಳೂ ಕನ್ನಡಕಗಳನ್ನು ಎಣಿಸಿ ಹಂಚುತ್ತಿವೆ. ಇದು ಸ್ತುತ್ಯವಾದ ಕಾರ್ಯ. ಹಂಚಿದ್ದೆಷ್ಟು ಎಂಬ ಲೆಕ್ಕ ಸುಲಭವಾಗಿ ದೊರೆಯುತ್ತದೆ. ಆರು ತಿಂಗಳ ನಂತರ ಅದನ್ನು ಧರಿಸುತ್ತಿದ್ದವರೆಷ್ಟು ಮಂದಿ ಎಂಬ ಲೆಕ್ಕ ಅಪರೂಪ.

ಇತಿಹಾಸವನ್ನು ನೋಡಿದರೆ ಈ ಉದಾಸೀನವು ಹೊಸದಲ್ಲವೆಂದು ತಿಳಿಯುವುದು. ಇಟಲಿಯಲ್ಲಿ 13ನೆಯ ಶತಮಾನದ ಕೊನೆಯಲ್ಲಿ, ಸುಮಾರು 1286ರ ವೇಳೆಗೆ, ಮೊದಲ ಕನ್ನಡಕ ಹುಟ್ಟಿತು. ಎರಡು ಪೀನ ಮಸೂರಗಳನ್ನು ಬಳೆಗಳಲ್ಲಿ ಕೂರಿಸಿ, ನಡುವೆ ಮೊಳೆಯೊಂದರಿಂದ ಬಿಗಿದ ಸಾಧನವದು. ಅದನ್ನು ಕೈಯಲ್ಲಿ ಹಿಡಿಯಬೇಕು, ಇಲ್ಲವೆ ಮೂಗನ್ನು ಚಿವುಟುವಂತೆ ಸಿಕ್ಕಿಸಬೇಕು. ಪಕ್ಕಗಳಿಂದ ಹಿಂದಕ್ಕೆ ಚಾಚುವ ಕಡ್ಡಿಗಳು ಕಾಣಿಸಿಕೊಂಡದ್ದು 1730ರ ಸುಮಾರಿಗೆ, ಲಂಡನ್ನಿನ ಎಡ್ವರ್ಡ್ ಸ್ಕಾರ್ಲೆಟ್ ಎಂಬ ಕನ್ನಡಕ ತಯಾರಕನ ಅಂಗಡಿಯಲ್ಲಿ. ನಡುವೆ ಕಳೆದದ್ದು 400 ವರ್ಷಗಳಿಗೂ ಮಿಕ್ಕ ಕಾಲ. ಆ ಅವಧಿಯಲ್ಲಿ ಗೆಲಿಲಿಯೊ ದೂರದರ್ಶಕವನ್ನು ಆಕಾಶದತ್ತ ತಿರುಗಿಸಿ 1610ರಲ್ಲಿ ಗುರುಗ್ರಹದ ಉಪಗ್ರಹಗಳನ್ನು ಕಂಡನು. ನ್ಯೂಟನ್ನನು ಬಿಳಿಯ ಬೆಳಕನ್ನು ಬಣ್ಣಗಳಾಗಿ ಬಿಡಿಸಿದನು. ಬೆಳಕಿಗೆ ವೇಗವುಂಟೆಂಬುದನ್ನು ರೋಮರನು 1676ರಲ್ಲಿ ತೋರಿಸಿದನು. ಇಷ್ಟೆಲ್ಲ ಆಗುತ್ತಿರುವಾಗಲೂ ಕನ್ನಡಕವನ್ನು ಜನ ಕೈಯಲ್ಲಿ ಹಿಡಿದೋ ದಾರ ಕಟ್ಟಿಯೋ ಓದುತ್ತಿದ್ದರು.

ನಮ್ಮ ನಾಡಿಗೆ ಸೇರಿದ ಹಳೆಯ ಉಲ್ಲೇಖವೊಂದು ವಿಜಯನಗರದ ಕಾಲದ್ದು. ವ್ಯಾಸರಾಯರ ಜೀವನವನ್ನು ವರ್ಣಿಸುವ ಸೋಮನಾಥ ಕವಿಯ ‘ವ್ಯಾಸಯೋಗಿಚರಿತ’ದಲ್ಲಿ, ಆ ಯತಿಗಳು ಕನ್ನಡಕದ ನೆರವಿನಿಂದ ಗ್ರಂಥವನ್ನೋದುತ್ತಿದ್ದ ಪ್ರಸ್ತಾಪವು ಬರುವುದೆಂದು ವಿದ್ವಾಂಸರಾದ ಪಿ. ಕೆ. ಗೋಡೆಯವರು ತೋರಿಸಿಕೊಟ್ಟಿದ್ದಾರೆ. 16ನೆಯ ಶತಮಾನದ ಆ ಉಪಕರಣಕ್ಕೆ ಕಡ್ಡಿಗಳಿದ್ದಿರಲಾರವು. ತಾಳೆಗರಿಗಳನ್ನು ಮಗುಚುವುದಕ್ಕೆ ಎರಡು ಕೈಗಳೂ ಬೇಕು. ಅವುಗಳಲ್ಲಿ ಒಂದು ಕನ್ನಡಕಕ್ಕೇ ಮೀಸಲಾದರೆ ಓದು ಎಷ್ಟು ನಿಧಾನವಾಗಿ ಸಾಗಿದ್ದೀತೆಂಬುದನ್ನು ನಾವು ಊಹಿಸಿಕೊಳ್ಳಬಹುದು.

ಮಸೂರವನ್ನು ಶ್ರದ್ಧೆಯಿಂದ ಮಾಡಿ, ಅದು ಮುಖದ ಮೇಲೆ ಹೇಗೆ ನಿಲ್ಲಬೇಕೆಂಬುದನ್ನು ಅದೃಷ್ಟಕ್ಕೆ ಬಿಡುವ ಈ ಪದ್ಧತಿ ಇಂದಿಗೂ ನಮ್ಮನ್ನು ಬಿಟ್ಟಿಲ್ಲವೆಂಬುದೇ ನನ್ನ ದೂರು. “ನಿನ್ನ ಪವರು ಎಷ್ಟು?” ಎಂದು ಒಬ್ಬರನ್ನೊಬ್ಬರು ಕೇಳುತ್ತೇವೆ. ಆ ಒಂದು ಸಂಖ್ಯೆಯಲ್ಲಿ ಕನ್ನಡಕದ ವಿಷಯವೆಲ್ಲ ಅಡಗಿದೆಯೆಂದು ನಂಬಿದ್ದೇವೆ. ಚೀಟಿಯಲ್ಲಿ ಕಾಲು ಡಯಾಪ್ಟರಿನ ವ್ಯತ್ಯಾಸಕ್ಕೂ ಮಹತ್ವವುಂಟು. ಆದರೆ ಅದೇ ಮಸೂರವು ಕಣ್ಣಿನ ಮುಂದೆ ನಾಲ್ಕು ಮಿಲಿಮೀಟರು ಅತ್ತಿತ್ತ ಕುಳಿತರೆ ಕೇಳುವವರಿಲ್ಲ.

ಕಾಲೇಜಿನ ಪ್ರಯೋಗಶಾಲೆಯಲ್ಲಿ ಮಸೂರದ ಸಂಗಮದೂರವನ್ನು ಅಳೆಯುವ ಪಾಠವನ್ನು ಓದುಗರಲ್ಲಿ ಅನೇಕರು ಮಾಡಿಯೇ ಇರುವರು. ಆಪ್ಟಿಕಲ್ ಬೆಂಚಿನ ಮೇಲೆ ದೀಪ, ಮಸೂರ, ಪರದೆ ಮೂರೂ ಒಂದೇ ಅಕ್ಷದ ಮೇಲೆ ಬಾರದ ಹೊರತು ಅಳತೆಗೆ ಕೈಹಾಕಬಾರದೆಂದು ಅಧ್ಯಾಪಕರು ಗದರುತ್ತಾರೆ. ವಿದ್ಯಾರ್ಥಿಯು ಅರ್ಧ ಗಂಟೆ ತಿಣುಕಿ ಮಸೂರವನ್ನು ಮೇಲೆ ಕೆಳಗೆ ಸರಿಸಿ ನೇರ ಮಾಡುತ್ತಾನೆ. ಅವನ ಮುಖದ ಮೇಲಿರುವ ಕನ್ನಡಕದ ಎಡಗಣ್ಣು ಮೇಲಕ್ಕೂ ಬಲಗಣ್ಣು ಕೆಳಕ್ಕೂ ವಾಲಿರುವುದು ಅವನಿಗೂ ಕಾಣದು, ಗದರಿದವರಿಗೂ ಕಾಣದು. ಎರಡೂ ಕಡೆ ನಿಯಮ ಒಂದೇ ಅಲ್ಲವೆ?

ಮಸೂರದ ನಡುಬಿಂದುವಿನ ಮೂಲಕ ಹಾದ ಬೆಳಕು ದಿಕ್ಕು ಬದಲಿಸದೆ ಸಾಗುತ್ತದೆ. ನಡುವಿನಿಂದ ದೂರ ಹೋದಂತೆ ಮಸೂರವು ಪಟ್ಟಕದಂತೆ ವರ್ತಿಸಿ ಬೆಳಕನ್ನು ಬಾಗಿಸುತ್ತದೆ. ಎಷ್ಟು ಬಾಗಿಸುವುದೆಂಬುದಕ್ಕೆ ಪ್ರೆಂಟಿಸನ ನಿಯಮವೆಂಬ ಸರಳ ಗುಣಾಕಾರವಿದೆ: ಮಸೂರದ ಬಲವನ್ನು ಡಯಾಪ್ಟರಿನಲ್ಲಿಯೂ, ಕಣ್ಣಿನ ಪಾಪೆಯು ನಡುಬಿಂದುವಿನಿಂದ ಸರಿದಿರುವ ದೂರವನ್ನು ಸೆಂಟಿಮೀಟರಿನಲ್ಲಿಯೂ ಇಟ್ಟು ಗುಣಿಸಿದರೆ, ಒಂದು ಮೀಟರು ದೂರದ ವಸ್ತುವು ಎಷ್ಟು ಸೆಂಟಿಮೀಟರು ಸರಿದಂತೆ ಕಾಣುವುದೆಂಬುದು ದೊರೆಯುತ್ತದೆ. ಬಲ 5 ಡಯಾಪ್ಟರು, ಸರಿದದ್ದು 4 ಮಿಲಿಮೀಟರು ಎಂದರೆ ಮೀಟರಿಗೆ 2 ಸೆಂಟಿಮೀಟರು. ಐದು ಮೀಟರು ಆಚೆಗಿರುವ ಕರಿಹಲಗೆಯ ಮೇಲಿನ ಅಕ್ಷರವು ಒಂದು ಕಣ್ಣಿಗೆ 10 ಸೆಂಟಿಮೀಟರು ಪಕ್ಕಕ್ಕೆ ಹೋಯಿತು. ಇನ್ನೊಂದು ಕಣ್ಣಿನಲ್ಲಿ ತಪ್ಪು ಎದುರು ದಿಕ್ಕಿನಲ್ಲಿದ್ದರೆ ಎರಡೂ ಕೂಡುತ್ತವೆ.

ಮೆದುಳು ಇಬ್ಬಗೆಯಾದ ಈ ಚಿತ್ರಗಳನ್ನು ಒಂದು ಮಾಡಬೇಕು. ಅದಕ್ಕಾಗಿ ಕಣ್ಣಿನ ಸ್ನಾಯುಗಳು ಹೊತ್ತೆಲ್ಲ ಹೊರಳಿಕೊಂಡೇ ಇರಬೇಕು. ಮೂಗಿನ ಕಡೆಗೆ ಹೊರಳುವುದು ಕಣ್ಣುಗಳಿಗೆ ಅಭ್ಯಾಸವಾದ ಕೆಲಸ. ಪುಸ್ತಕ ಓದುವಾಗ ಅವು ಮಾಡುವುದೇ ಅದು. ಹೊರಮುಖವಾಗಿ ಹೊರಳುವ ಶಕ್ತಿ ಅವಕ್ಕೆ ಅತ್ಯಲ್ಪ. ಸಮೀಪದೃಷ್ಟಿಯ ಹುಡುಗಿಗೆ ಅಗಲವಾದ, ದೊಡ್ಡವರ ಅಳತೆಯ ಕನ್ನಡಕವನ್ನು ತೊಡಿಸಿದಾಗ ಆಗುವುದು ಸರಿಯಾಗಿ ಇದೇ ಅನರ್ಥ: ಅವಳ ಪಾಪೆಗಳು ನಿಮ್ನ ಮಸೂರಗಳ ನಡುಬಿಂದುಗಳಿಗಿಂತ ಒಳಗೆ, ಮೂಗಿನ ಬದಿಗೆ ಬೀಳುತ್ತವೆ, ಕಣ್ಣುಗಳು ಹೊರಕ್ಕೆ ಹೊರಳಬೇಕಾಗುತ್ತದೆ. ಸಂಜೆಗೆ ತಲೆನೋವು. “ಕನ್ನಡಕ ಹಾಕಿದ ಮೇಲೆಯೇ ತಲೆನೋವು ಶುರುವಾಯಿತು” ಎಂದು ಮನೆಯವರು ಹೇಳಿದರೆ ಅದು ಅಜ್ಞಾನದ ಮಾತೆಂದು ತಳ್ಳಿಹಾಕುವಂತಿಲ್ಲ.

ಪರೀಕ್ಷೆ ಮಾಡಿ ನೋಡಬೇಕೆನ್ನುವವರು ಹೀಗೆ ಮಾಡಬಹುದು. ಕನ್ನಡಕವನ್ನು ಚಾಚಿದ ಕೈಯಲ್ಲಿ ಹಿಡಿದು ಅದರ ಮೂಲಕ ದೂರದ ಕಿಟಕಿಯ ನಿಂತ ಸರಳನ್ನು ನೋಡಿ. ಮಸೂರದೊಳಗಿನ ಸರಳು, ಅದರ ಮೇಲೂ ಕೆಳಗೂ ಕಾಣುವ ಸರಳಿನೊಡನೆ ತುಂಡಾಗದೆ ಕೂಡುವವರೆಗೆ ಕನ್ನಡಕವನ್ನು ಪಕ್ಕಕ್ಕೆ ಸರಿಸಿ. ಅಡ್ಡ ಸರಳಿನಿಂದಲೂ ಹೀಗೆಯೇ ಮಾಡಿ, ಎರಡು ಗೆರೆಗಳೂ ಕೂಡಿದೆಡೆ ಮಸೂರದ ಮೇಲೆ ಶಾಯಿಯ ಚುಕ್ಕೆಯಿಡಿ, ಅದೇ ನಡುಬಿಂದು. ಕನ್ನಡಕವನ್ನು ಧರಿಸಿ ಕನ್ನಡಿಯ ಮುಂದೆ ನಿಂತು, ಎಡಗಣ್ಣು ಮುಚ್ಚಿ ಬಲಗಣ್ಣಿನಿಂದ ಬಲಗಣ್ಣನ್ನೇ ದೃಷ್ಟಿಸಿ, ಆಮೇಲೆ ಇನ್ನೊಂದನ್ನು. ಚುಕ್ಕೆಯು ಪಾಪೆಯ ಮೇಲೆ, ಅಥವಾ ನೇರವಾಗಿ ಅದರ ತುಸು ಕೆಳಗೆ ಬಿದ್ದರೆ ಅಂಗಡಿಯವರು ಕೆಲಸ ಬಲ್ಲವರು. ಅಬಿಂದುಕತೆಯನ್ನು, ಎಂದರೆ ಬೇರೆ ಬೇರೆ ದಿಕ್ಕಿನ ಗೆರೆಗಳು ಒಂದೇ ಕಡೆ ಸ್ಫುಟವಾಗದ ದೋಷವನ್ನು ತಿದ್ದುವ ಮಸೂರಗಳಲ್ಲಿ ಸರಳು ಓರೆಯಾಗಿ ಕಾಣುವುದರಿಂದ ಈ ಪರೀಕ್ಷೆ ಅಷ್ಟು ನಿಖರವಲ್ಲ; ಹತ್ತಿರಕ್ಕೂ ದೂರಕ್ಕೂ ಒಂದೇ ಗಾಜಿನಲ್ಲಿ ಏರ್ಪಾಡಿರುವ ಮಸೂರಗಳಿಗೆ ಇದು ಸಲ್ಲದು.

ಇನ್ನು ಜಾರುವ ಪೀಡೆ. ಬೆವರಿದ ಮೂಗಿನ ಮೇಲೆ ಘರ್ಷಣೆ ಕಡಿಮೆ. ಕನ್ನಡಕದ ಭಾರವೆಲ್ಲ ಮುಂಭಾಗದಲ್ಲಿ. ಆದುದರಿಂದ ಅದು ಜಾರುವುದು ಸ್ವಾಭಾವಿಕ. ಆದರೆ ಜಾರಿದ ಕನ್ನಡಕವು ಜಾರುವ ಮೊದಲಿನ ಕನ್ನಡಕವಲ್ಲ. ಮಸೂರವು ಕಣ್ಣಿನಿಂದ ದೂರವಾದಷ್ಟೂ ನಿಮ್ನ ಮಸೂರದ ಪರಿಣಾಮ ಕುಗ್ಗುತ್ತದೆ. 6 ಡಯಾಪ್ಟರಿನ ನಿಮ್ನ ಮಸೂರವು ಕಣ್ಣಿನಿಂದ 12 ಮಿಲಿಮೀಟರು ಇದ್ದದ್ದು 20 ಮಿಲಿಮೀಟರಿಗೆ ಇಳಿದರೆ ಸುಮಾರು ಕಾಲು ಡಯಾಪ್ಟರಿನಷ್ಟು ಬಲ ನಷ್ಟವಾಗುವುದು. ವೈದ್ಯರು ಜಾಗರೂಕತೆಯಿಂದ ಅಳೆದು ಬರೆದ ಕಾಲು ಡಯಾಪ್ಟರನ್ನು ಬೆವರಿನ ಒಂದು ಹನಿ ಅಳಿಸಿಹಾಕಿತು. ಪಾಠದ ನಡುವೆ ಹುಡುಗರು ಬೆರಳಿನಿಂದ ಕನ್ನಡಕವನ್ನು ಮೇಲಕ್ಕೆ ತಳ್ಳುವುದನ್ನು ದುರಭ್ಯಾಸವೆಂದು ಬೈಯುವವರು ಇದನ್ನು ಗಮನಿಸಬೇಕು. ಅವರು ಕರಿಹಲಗೆಯನ್ನು ಸ್ಫುಟಗೊಳಿಸಿಕೊಳ್ಳುತ್ತಿದ್ದಾರೆ.

ಚಾಳೀಸು ಬಂದ ಹಿರಿಯರು ಕನ್ನಡಕವನ್ನು ಬೇಕೆಂದೇ ಮೂಗಿನ ತುದಿಗೆ ಇಳಿಸಿಕೊಳ್ಳುವರಷ್ಟೆ. ಹಾಗೆ ಇಳಿಸಿದರೆ ಬಲ ಹೆಚ್ಚುವುದೆಂಬ ಮಾತೊಂದಿದೆ. ದೂರದ ವಸ್ತುವಿನ ಮಟ್ಟಿಗೆ ಪೀನ ಮಸೂರದಲ್ಲಿ ಅದು ನಿಜ. ಆದರೆ 40 ಸೆಂಟಿಮೀಟರು ದೂರದ ಪುಸ್ತಕವನ್ನೂ 2 ಡಯಾಪ್ಟರಿನ ಚಾಳೀಸನ್ನೂ ತೆಗೆದುಕೊಂಡು ಲೆಕ್ಕ ಹಾಕಿದರೆ ಪರಿಣಾಮ ತುಸು ಕುಗ್ಗುವುದೇ ಕಂಡುಬರುತ್ತದೆ. ಅಜ್ಜಂದಿರ ಉದ್ದೇಶ ಬೇರೆ: ಮೇಲಿನಿಂದ ಬಾಗಿಲ ಕಡೆಗೂ ಕೆಳಗಿನಿಂದ ಪತ್ರಿಕೆಯ ಕಡೆಗೂ ಏಕಕಾಲಕ್ಕೆ ನಿಗಾ ಇಡುವುದು. ಅದು ಅವರ ಹಕ್ಕು.

ಜಾರುವುದಕ್ಕೆ ಮದ್ದು ಸುಲಭ. ಕಡ್ಡಿಯ ಬಾಗು ಕಿವಿಯ ಮೇಲ್ತುದಿಯಲ್ಲಿಯೇ ಆರಂಭವಾಗಬೇಕು. ಬಾಗು ಅದಕ್ಕಿಂತ ಹಿಂದೆ ಇದ್ದರೆ, ಅದು ಕಿವಿಗೆ ತಾಗುವವರೆಗೂ ಕನ್ನಡಕ ಮುಂದಕ್ಕೆ ಜಾರಿಯೇ ತೀರುವುದು. ಬಿಸಿಗಾಳಿಯಲ್ಲಿ ಕಡ್ಡಿಯನ್ನು ಮೆದುಮಾಡಿ ಬಾಗಿಸಲು ಕೆಲವೇ ನಿಮಿಷಗಳು ಸಾಕು. ಮೂಗಿನ ಎರಡು ಪಕ್ಕದ ಒತ್ತುಗಳು ಚರ್ಮಕ್ಕೆ ಪೂರ್ತಿಯಾಗಿ ಹೊಂದಬೇಕು. ಅಂಚು ಮಾತ್ರ ತಾಗಿದರೆ ಕೆಂಪು ಕುಳಿ ಬೀಳುವುದು, ಹಿಡಿತವೂ ಇರದು. ಮಕ್ಕಳ ಮೂಗಿನ ಸೇತುವೆ ತಗ್ಗು ಮತ್ತು ಚಪ್ಪಟೆ. ದೊಡ್ಡವರ ಚೌಕಟ್ಟನ್ನೇ ಕಿರಿದುಗೊಳಿಸಿ ಬಣ್ಣ ಬಳಿದರೆ ಅದು ಮಗುವಿನ ಕನ್ನಡಕವಾಗುವುದಿಲ್ಲ. ಭಾರದ ವಿಷಯದಲ್ಲಿ ಮಾತ್ರ ನಾವು ಹಿಂದಿನವರಿಗಿಂತ ಭಾಗ್ಯವಂತರು: ಸಾಧಾರಣ ಗಾಜಿನ ಸಾಂದ್ರತೆ ನೀರಿನ ಎರಡೂವರೆ ಪಾಲಾದರೆ, ಈಗ ಬಳಕೆಯಲ್ಲಿರುವ ಪ್ಲಾಸ್ಟಿಕ್ ಮಸೂರದ್ದು ಸುಮಾರು 1.3 ಪಾಲು.

ಮಂಜು ಮುಸುಕುವ ತೊಂದರೆಯನ್ನು ಕರಾವಳಿಯವರು ಚೆನ್ನಾಗಿ ಬಲ್ಲರು. ಮಂಗಳೂರಿನಲ್ಲೋ ಕಾರವಾರದಲ್ಲೋ ಹೊರಗಿನ ಗಾಳಿ 30 ಡಿಗ್ರಿ ಸೆಲ್ಸಿಯಸ್ ಇದ್ದು ಸಾಪೇಕ್ಷ ಆರ್ದ್ರತೆ ಶೇಕಡ 80 ಇದ್ದರೆ, ಅದರ ಇಬ್ಬನಿ ಬಿಂದು ಸುಮಾರು 26 ಡಿಗ್ರಿ. ಅಂದರೆ ಅದಕ್ಕಿಂತ ತಣ್ಣಗಿರುವ ಯಾವ ಮೇಲ್ಮೈಯ ಮೇಲಾದರೂ ಆ ಗಾಳಿಯ ಆವಿ ನೀರಾಗಿ ಕೂರುತ್ತದೆ. 23 ಡಿಗ್ರಿಗೆ ತಂಪುಗೊಳಿಸಿದ ಕೊಠಡಿಯಿಂದಲೋ ಕಾರಿನಿಂದಲೋ ಹೊರಬಂದವನ ಕನ್ನಡಕ ತತ್‍ಕ್ಷಣವೇ ಬೆಳ್ಳಗಾಗುವುದು ಇದರಿಂದ. ಉಸಿರಿನ ಗಾಳಿಯಾದರೋ ಆವಿಯಿಂದ ತುಂಬಿ 34 ಡಿಗ್ರಿಯ ಹತ್ತಿರದಲ್ಲಿರುತ್ತದೆ. 2020ರಲ್ಲಿ ಎಲ್ಲರೂ ಮುಖಗವಸು ಧರಿಸಬೇಕಾಗಿ ಬಂದಾಗ ಕನ್ನಡಕದವರು ಪಟ್ಟ ಪಾಡನ್ನು ನೆನೆಯಬಹುದು.

ಇಲ್ಲಿ ಒಂದು ಸ್ವಾರಸ್ಯವಿದೆ. ನೀರು ಪಾರದರ್ಶಕ, ಮಸೂರವೂ ಪಾರದರ್ಶಕ. ಎರಡೂ ಸೇರಿದಾಗ ಮಬ್ಬು ಏಕೆ? ನೀರು ಸಮನಾದ ಪದರವಾಗಿ ಹರಡದೆ ಅಸಂಖ್ಯಾತ ಸಣ್ಣ ಹನಿಗಳಾಗಿ ನಿಲ್ಲುವುದರಿಂದ. ಪ್ರತಿಯೊಂದು ಹನಿಯೂ ಬೆಳಕನ್ನು ತನ್ನದೇ ದಿಕ್ಕಿಗೆ ಚೆದುರಿಸುತ್ತದೆ. ಮಸೂರವನ್ನು ತೆಳುವಾದ ಸಾಬೂನಿನ ನೀರಿನಲ್ಲಿ ತೊಳೆದು, ನೀರನ್ನು ಕೊಡವಿ, ತಾನಾಗಿ ಒಣಗಲು ಬಿಟ್ಟರೆ ಉಳಿಯುವ ಸಾಬೂನಿನ ಪೊರೆಯು ನೀರಿನ ಮೇಲ್ಮೈ ಸೆಳೆತವನ್ನು ತಗ್ಗಿಸಿ ಅದನ್ನು ಹಾಳೆಯಂತೆ ಹರಡಿಸುತ್ತದೆ. ಆವಿ ಆಗಲೂ ಕೂರುವುದು, ಆದರೆ ಮಬ್ಬಾಗದು. ಈ ಉಪಾಯಕ್ಕೆ ಒಂದು ಬಿಲ್ಲೆ ಸಾಬೂನಿಗಿಂತ ಹೆಚ್ಚಿನ ಖರ್ಚಿಲ್ಲ. ಮಳೆಗೆ ಮಾತ್ರ ಇಂತಹ ಉಪಾಯ ಯಾವುದೂ ನನಗೆ ಗೊತ್ತಿಲ್ಲ. ಟೋಪಿಯ ಅಂಚು ಕೊಡೆಗಿಂತ ಮೇಲು ಎನ್ನಬಹುದು, ಅಷ್ಟೆ.

ಒರೆಸುವ ಚಟದ ಬಗ್ಗೆ ಎರಡು ಮಾತು. ನಮ್ಮ ಬೀದಿಯ ಧೂಳಿನಲ್ಲಿ ಮರಳಿನ ಕಣಗಳು ಯಥೇಚ್ಛ. ಸ್ಫಟಿಕ ಶಿಲೆಯ ಆ ಕಣಗಳು ಗಾಜಿಗಿಂತಲೂ ಗಟ್ಟಿ, ಪ್ಲಾಸ್ಟಿಕ್ಕಿನ ಪಾಡನ್ನು ಹೇಳುವುದೇ ಬೇಡ. ಒಣ ಮಸೂರವನ್ನು ಅಂಗಿಯ ತುದಿಯಿಂದಲೋ ಸೆರಗಿನಿಂದಲೋ ಉಜ್ಜುವುದೆಂದರೆ ಮರಳುಕಾಗದದಿಂದ ಉಜ್ಜಿದಂತೆಯೇ. ಮೊದಲು ನೀರು, ಆಮೇಲೆ ಬಟ್ಟೆ. ರಾತ್ರಿ ಎದುರಿನ ವಾಹನದ ದೀಪ ಎರಡು ಮೂರಾಗಿ ಕಂಡರೆ ಅದು ಗೀರಿನ ದೋಷವಾಗಿರಬೇಕೆಂದಿಲ್ಲ. ಮಸೂರದ ಒಂದೊಂದು ಮೇಲ್ಮೈಯೂ ಬೆಳಕಿನ ಶೇಕಡ 4ರಷ್ಟನ್ನು ಪ್ರತಿಫಲಿಸುತ್ತದೆ. ಹಳೆಯದಾಗಿ ಮಾಸಿದ ಗಾಜು ಹೊಸ ಗಾಜಿಗಿಂತ ಹೆಚ್ಚು ಬೆಳಕನ್ನು ಹಾಯಿಸುವುದನ್ನು 1886ರಲ್ಲಿ ರೇಲಿಯವರು ಗಮನಿಸಿದರು. ಅದೇ ತತ್ತ್ವದ ಮೇಲೆ, ಮಿಲಿಮೀಟರಿನ ಹತ್ತು ಸಾವಿರದ ಒಂದು ಪಾಲಿನಷ್ಟು ದಪ್ಪದ ಲೇಪವನ್ನು ಕೊಟ್ಟು, ಲೇಪದ ಎರಡು ಮುಖಗಳಿಂದ ಹಿಂದಿರುಗುವ ಅಲೆಗಳು ಒಂದನ್ನೊಂದು ಅಳಿಸುವಂತೆ ಮಾಡುವ ವಿಧಾನಕ್ಕೆ ಜರ್ಮನಿಯ ಸ್ಮಾಕುಲ 1935ರಲ್ಲಿ ಪೇಟೆಂಟು ಪಡೆದನು. ಅಂಗಡಿಯವರು ಹೆಚ್ಚಿನ ಬೆಲೆ ಹೇಳಿ ಕೊಡುವ ಲೇಪಗಳಲ್ಲಿ ಹಣಕ್ಕೆ ನ್ಯಾಯ ಸಲ್ಲಿಸುವುದು ನನ್ನ ಅಭಿಪ್ರಾಯದಲ್ಲಿ ಇದೊಂದೇ, ಅದರಲ್ಲಿಯೂ ರಾತ್ರಿ ವಾಹನ ನಡೆಸುವವರಿಗೆ.

ಇಷ್ಟೆಲ್ಲ ರಗಳೆಯೇಕೆ, ಕಾಂಟ್ಯಾಕ್ಟ್ ಲೆನ್ಸ್ ಎಂದು ರೂಢಿಯಲ್ಲಿರುವ ಸ್ಪರ್ಶಮಸೂರವನ್ನು ಹಾಕಿಕೊಂಡರೆ ಮುಗಿಯಿತಲ್ಲವೆ ಎಂದು ಯುವಕರು ಕೇಳುವರು. ಪ್ರಶ್ನೆ ನ್ಯಾಯವಾದದ್ದು. ಜ್ಯೂರಿಚ್ಚಿನ ವೈದ್ಯ ಅಡೋಲ್ಫ್ ಫಿಕ್ 1888ರಲ್ಲಿ ವರ್ಣಿಸಿದ ಗಾಜಿನ ಸ್ಪರ್ಶಮಸೂರವನ್ನು ಕೆಲವು ಗಂಟೆಗಳಿಗಿಂತ ಹೆಚ್ಚು ಹೊತ್ತು ತಾಳಲಾಗುತ್ತಿರಲಿಲ್ಲ. ಚೆಕ್ ರಸಾಯನಶಾಸ್ತ್ರಜ್ಞ ಒಟ್ಟೊ ವಿಖ್ಟರ್ಲೆ 1961ರ ಕ್ರಿಸ್‍ಮಸ್ಸಿನ ಸಮಯದಲ್ಲಿ ತನ್ನ ಮನೆಯ ಅಡುಗೆಮನೆಯಲ್ಲಿ, ಮಕ್ಕಳ ಆಟದ ಜೋಡಣೆಯ ಸಾಮಾನಿನಿಂದ ಕಟ್ಟಿದ ತಿರುಗುಯಂತ್ರಕ್ಕೆ ಸೈಕಲ್ಲಿನ ಡೈನಮೊ ಜೋಡಿಸಿ, ನೀರನ್ನು ಹೀರಿ ಮೆತ್ತಗಾಗುವ ಪ್ಲಾಸ್ಟಿಕ್ಕಿನಿಂದ ಮಸೂರಗಳನ್ನು ಎರಕ ಹೊಯ್ದನು. ಇಂದಿನ ಮೃದು ಮಸೂರಗಳೆಲ್ಲ ಆ ಅಡುಗೆಮನೆಯ ಸಂತಾನ.

ಭೌತಶಾಸ್ತ್ರದ ದೃಷ್ಟಿಯಿಂದ ಸ್ಪರ್ಶಮಸೂರವು ಕನ್ನಡಕಕ್ಕಿಂತ ಶ್ರೇಷ್ಠವೆಂಬುದರಲ್ಲಿ ಸಂದೇಹವಿಲ್ಲ. ಅದು ಕಣ್ಣಿನೊಡನೆಯೇ ತಿರುಗುವುದರಿಂದ ಪಾಪೆಯು ನಡುಬಿಂದುವನ್ನು ಬಿಟ್ಟು ಹೋಗದು. ಮಂಜು ಕೂರದು, ಚೌಕಟ್ಟಿನ ಅಡ್ಡಿಯಿಲ್ಲ. 6 ಡಯಾಪ್ಟರಿನ ನಿಮ್ನ ಕನ್ನಡಕದಲ್ಲಿ ಜಗತ್ತು ಶೇಕಡ 8ರಷ್ಟು ಕಿರಿದಾಗಿ ಕಾಣುವುದಾದರೆ, ಇಲ್ಲಿ ಆ ಕುಗ್ಗುವಿಕೆ ಬಹುಮಟ್ಟಿಗೆ ಇಲ್ಲ. ಕಣ್ಣಿಗೂ ಮಸೂರಕ್ಕೂ ಅಂತರವಿಲ್ಲದ್ದರಿಂದ ಕನ್ನಡಕದಲ್ಲಿ 8 ಡಯಾಪ್ಟರು ಬೇಕಾದವನಿಗೆ ಇಲ್ಲಿ ಸುಮಾರು 7.3 ಸಾಕು, ಒಂದರ ಚೀಟಿಯನ್ನು ಇನ್ನೊಂದಕ್ಕೆ ಬಳಸಬಾರದೆಂಬುದು ಇದಕ್ಕಾಗಿಯೇ.

ಆದರೆ ಭೌತಶಾಸ್ತ್ರವು ಬಿಟ್ಟುಕೊಟ್ಟದ್ದನ್ನು ಜೀವಶಾಸ್ತ್ರವು ವಸೂಲು ಮಾಡುತ್ತದೆ. ಕಣ್ಣಿನ ಮುಂಭಾಗದ ಪಾರದರ್ಶಕ ಪಟಲದಲ್ಲಿ ರಕ್ತನಾಳಗಳಿಲ್ಲ. ಇದ್ದಿದ್ದರೆ ಅದು ಪಾರದರ್ಶಕವಾಗಿರುತ್ತಿರಲಿಲ್ಲ. ಅದು ತನಗೆ ಬೇಕಾದ ಆಮ್ಲಜನಕದ ಹೆಚ್ಚಿನ ಭಾಗವನ್ನು ಕಣ್ಣೀರಿನ ಪೊರೆಯ ಮೂಲಕ ನೇರವಾಗಿ ಗಾಳಿಯಿಂದ ಪಡೆಯುತ್ತದೆ. ಮಸೂರವು ಆ ದಾರಿಯಲ್ಲಿ ಕುಳಿತ ಅಡ್ಡಗೋಡೆ. 1990ರ ದಶಕದ ಕೊನೆಗೆ ಬಂದ ಸಿಲಿಕೋನ್ ಬೆರೆತ ಮಸೂರಗಳು ಆಮ್ಲಜನಕವನ್ನು ಬಹಳ ಹೆಚ್ಚಾಗಿ ಹಾಯಿಸುತ್ತವೆ, ನಿಜ. ಆದರೂ ಅದನ್ನು ಧರಿಸಿಯೇ ನಿದ್ರಿಸುವುದರಿಂದ ಸೋಂಕಿನ ಅಪಾಯ ಏರುತ್ತದೆ. ನಲ್ಲಿಯ ನೀರಿನಲ್ಲಿಯೂ ಬಾವಿಯ ನೀರಿನಲ್ಲಿಯೂ ಅಕಾಂತಮೀಬ ಎಂಬ ಸೂಕ್ಷ್ಮಜೀವಿ ಇರಬಹುದು. ಮಸೂರದಡಿ ಸೇರಿದರೆ ಅದು ಪಟಲವನ್ನೇ ತಿಂದುಹಾಕಬಲ್ಲದು. ಕನ್ನಡಕಕ್ಕೆ ನೀರೇ ಹಿತ, ಸ್ಪರ್ಶಮಸೂರಕ್ಕೆ ನೀರೇ ಶತ್ರು: ತೊಳೆಯುವುದಕ್ಕೂ ಇಡುವುದಕ್ಕೂ ಅದರದೇ ದ್ರಾವಣ ಬೇಕು, ಮುಟ್ಟುವ ಕೈ ತೊಳೆದು ಒಣಗಿರಬೇಕು. ಕೊಳದಲ್ಲಿ, ಹೊಳೆಯಲ್ಲಿ ಮುಳುಗುವ ಮೊದಲು ಅದನ್ನು ತೆಗೆದಿಡಬೇಕು.

ನಮ್ಮಲ್ಲಿ ಸ್ಪರ್ಶಮಸೂರವನ್ನು ಬಹುಮಂದಿ ಮೊದಲು ಕೊಳ್ಳುವುದು ಯಾವಾಗ? ಹೆಣ್ಣು ನೋಡುವ ಶಾಸ್ತ್ರಕ್ಕೆ ಮುಂಚೆ, ಇಲ್ಲವೆ ಮದುವೆಗೆ ಒಂದು ವಾರವಿರುವಾಗ. ಹಾಕುವುದನ್ನೂ ತೆಗೆಯುವುದನ್ನೂ ಸರಿಯಾಗಿ ಕಲಿಯುವ ಮೊದಲೇ ಹುಡುಗಿಯನ್ನು ಹೋಮದ ಹೊಗೆಯ ಮುಂದೆ ಗಂಟೆಗಟ್ಟಲೆ ಕೂರಿಸುತ್ತಾರೆ. ಹೊಗೆ ಉರಿಸುತ್ತದೆ, ಕಣ್ಣುಜ್ಜುವಂತಿಲ್ಲ, ಎದ್ದು ಹೋಗುವಂತಿಲ್ಲ. ಕನ್ನಡಕವು ಕುಂದೆಂದು ಎಣಿಸುವ ಹಿರಿಯರ ಒತ್ತಾಯಕ್ಕೆ ಅವಳ ಕಣ್ಣು ದಂಡ ತೆರುವುದು ನ್ಯಾಯವಲ್ಲ. ಇದೇ ಜಾತಿಯ ಇನ್ನೊಂದು ತೊಡಕು 40 ದಾಟಿದವರದು. ಹೆಚ್ಚು ಬಲದ ನಿಮ್ನ ಕನ್ನಡಕ ಧರಿಸುವವನು ಹತ್ತಿರದ್ದನ್ನು ಓದುವಾಗ ಅವನ ಕಣ್ಣಿನೊಳಗಿನ ಮಸೂರವು ಸ್ವಲ್ಪ ಕಡಿಮೆ ಶ್ರಮಪಟ್ಟರೆ ಸಾಕು. ಇದು ಕನ್ನಡಕ ಕಣ್ಣಿನಿಂದ ದೂರವಿರುವುದರ ಒಂದು ಲಾಭ. 8 ಡಯಾಪ್ಟರಿನವನು ಸ್ಪರ್ಶಮಸೂರಕ್ಕೆ ಬದಲಾದರೆ ಓದುವ ದೂರದಲ್ಲಿ ಸುಮಾರು ಅರ್ಧ ಡಯಾಪ್ಟರು ಹೆಚ್ಚಿಗೆ ಶ್ರಮಿಸಬೇಕು. ನಿನ್ನೆಯವರೆಗೆ ಪತ್ರಿಕೆ ಓದುತ್ತಿದ್ದವನಿಗೆ ಇಂದು ಚಾಳೀಸು ಬಂದಂತಾಗುವುದು.

ಆದುದರಿಂದ ನಮ್ಮ ದೇಶದ ಬಹುಪಾಲು ಜನರಿಗೆ ಕನ್ನಡಕವೇ ಗತಿ, ಮತ್ತು ಅದು ಒಳ್ಳೆಯ ಗತಿಯೇ. ಅದರ ಪ್ರಯೋಜನಕ್ಕೆ ಅಸ್ಸಾಮಿನ ಚಹಾ ತೋಟದ ಕಾರ್ಮಿಕರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗವೊಂದು ಸಾಕ್ಷಿ. 40 ವರ್ಷ ದಾಟಿದ 751 ಮಂದಿಯಲ್ಲಿ ಒಂದು ಪಾಲಿನವರಿಗೆ ಮೊದಲೇ ಹತ್ತಿರದೃಷ್ಟಿಯ ಕನ್ನಡಕ ಕೊಟ್ಟು, ಉಳಿದವರಿಗೆ ಪ್ರಯೋಗ ಮುಗಿದ ಮೇಲೆ ಕೊಡಲಾಯಿತು. ಮೊದಲ ಗುಂಪಿನ ಎಲೆ ಕೀಳುವ ಪ್ರಮಾಣದಲ್ಲಿ ಎರಡನೆಯದಕ್ಕಿಂತ ಐದನೆಯ ಒಂದು ಪಾಲಿಗೂ ಮಿಕ್ಕ ಏರಿಕೆ ಕಂಡುಬಂದಿತು. ಬಹುಪಾಲು ಜನ ಕನ್ನಡಕವನ್ನು ಧರಿಸುತ್ತಲೂ ಇದ್ದರು. ನನ್ನ ಗಮನ ಸೆಳೆದ ಅಂಶವೆಂದರೆ, ಅವರಿಗೆ ಕೊಟ್ಟ ಬಲವು ಪುಸ್ತಕ ಓದುವ ದೂರಕ್ಕಲ್ಲದೆ ಎಲೆ ಕೀಳುವ ಕೈ ಇರುವ ದೂರಕ್ಕೆ ಹೊಂದಿಸಿದ್ದಾಗಿತ್ತು. ಯಾರು ಧರಿಸುವರು, ಏನು ಮಾಡುವಾಗ ಧರಿಸುವರು ಎಂಬುದನ್ನು ಯಾರೋ ಮುಂಚಿತವಾಗಿ ಯೋಚಿಸಿದ್ದರು. ಸಂತೆಯಲ್ಲಿ ಕೊಳ್ಳುವ ಸಿದ್ಧ ಚಾಳೀಸನ್ನೂ ನಾನು ಹಳಿಯಲಾರೆ. ಒಂದೂವರೆ ಡಯಾಪ್ಟರಿನಷ್ಟು ಕಡಿಮೆ ಬಲದಲ್ಲಿ ಮೂರು ಮಿಲಿಮೀಟರಿನ ತಪ್ಪನ್ನು ಕಣ್ಣು ಸಹಿಸಿಕೊಳ್ಳುತ್ತದೆ. ದೂರದೃಷ್ಟಿಗೆ ಬೇಕಾದ, ಹೆಚ್ಚು ಬಲದ ಮಸೂರಗಳಿಗೆ ಆ ಸೈರಣೆಯಿಲ್ಲ.

ಶಾಲೆಯ ಮಕ್ಕಳಲ್ಲಿ ಕಥೆ ಬೇರೆ. ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮವು 1976ರಲ್ಲಿ ಆರಂಭವಾಯಿತು. ಶಾಲಾ ಮಕ್ಕಳ ಕಣ್ಣು ಪರೀಕ್ಷೆ ಮತ್ತು ಉಚಿತ ಕನ್ನಡಕ ಇಂದು ಅದರ ಭಾಗ. ಕೊಟ್ಟ ಕನ್ನಡಕವನ್ನು ಅನೇಕ ಮಕ್ಕಳು ಧರಿಸುವುದಿಲ್ಲವೆಂಬುದು ದೇಶದ ಹಲವು ಕಡೆ ನಡೆದ ಸಮೀಕ್ಷೆಗಳಿಂದ ತಿಳಿದ ವಿಷಯ. ಕಾರಣಗಳೂ ಹೊಸವಲ್ಲ: ಮುರಿಯಿತು, ಕಳೆಯಿತು, ತಲೆನೋವು ಬಂತು, ಗೆಳೆಯರು ಅಣಕಿಸಿದರು. ಅಣಕವನ್ನು ನಿಲ್ಲಿಸುವುದು ಉಪಾಧ್ಯಾಯರ ಕೆಲಸ. ಉಳಿದ ಮೂರರಲ್ಲಿ ಎರಡು ಚೌಕಟ್ಟಿಗೂ ಅಳತೆಗೂ ಸಂಬಂಧಿಸಿದವು. ಕನ್ನಡಕವಿಲ್ಲದ 3 ಡಯಾಪ್ಟರಿನ ಸಮೀಪದೃಷ್ಟಿಯ ಮಗುವಿಗೆ ಸ್ಫುಟವಾಗಿ ಕಾಣುವುದು ಮುಖದಿಂದ 33 ಸೆಂಟಿಮೀಟರಿನವರೆಗೆ ಮಾತ್ರ. ಅದರಾಚೆಯ ಕರಿಹಲಗೆ ಅದಕ್ಕೆ ಬೂದು ಬಯಲು. ಆ ಮಗುವನ್ನು ನಾವು ದಡ್ಡನೆಂದು ಕರೆಯುತ್ತೇವೆ.

ನಾನು ಕೇಳುವುದು ದೊಡ್ಡ ವೆಚ್ಚದ ಸಂಗತಿಗಳನ್ನಲ್ಲ. ವೈದ್ಯರ ಚೀಟಿಯಲ್ಲಿ ಬಲದ ಪಕ್ಕದಲ್ಲಿಯೇ ಎರಡು ಪಾಪೆಗಳ ನಡುವಣ ದೂರವನ್ನು ಮಿಲಿಮೀಟರಿನಲ್ಲಿ ಬರೆಯಬೇಕು. ಅಳೆಯಲು ಒಂದು ಪಟ್ಟಿ ಸಾಕು, ಬರೆಯಲು ಎರಡು ಅಂಕಿ. ಶಿಬಿರದ ಕನ್ನಡಕಗಳನ್ನು ಗಂಟು ಕಟ್ಟಿ ಮುಖ್ಯೋಪಾಧ್ಯಾಯರ ಮೇಜಿನ ಮೇಲಿಟ್ಟು ಹೋಗಬಾರದು. ಬಲ್ಲವನೊಬ್ಬನು ಒಂದೊಂದು ಮಗುವಿನ ಮುಖಕ್ಕೂ ಅದನ್ನು ತೊಡಿಸಿ, ಬಾಗಿಸಿ, ತಲೆ ಅಲ್ಲಾಡಿಸಿ ನೋಡೆಂದು ಹೇಳಿ, ಜಾರಿದರೆ ಮತ್ತೆ ಬಾಗಿಸಿ ಕೊಡಬೇಕು. ಮೂರು ತಿಂಗಳಿಗೆ ಮತ್ತೊಮ್ಮೆ ಬರಬೇಕು. ಅಷ್ಟರಲ್ಲಿ ಕಡ್ಡಿಯ ತಿರುಪು ಸಡಿಲವಾಗಿರುತ್ತದೆ, ಎಷ್ಟೋ ಕಡೆ ಅದು ಬಿದ್ದುಹೋಗಿ ಆ ಜಾಗದಲ್ಲಿ ದಾರವನ್ನೋ ಗುಂಡುಸೂಜಿಯನ್ನೋ ಸಿಕ್ಕಿಸಿರುತ್ತಾರೆ. ಹೀಗೆ ಬರುವವನ ಚೀಲದಲ್ಲಿ ಇರಬೇಕಾದದ್ದು ಒಂದು ಹಿಡಿ ತಿರುಪುಗಳು, ಕೆಲವು ಜೊತೆ ಮೂಗಿನ ಒತ್ತುಗಳು, ಮತ್ತು ಗಡಿಯಾರ ರಿಪೇರಿಯವರು ಬಳಸುವಂತಹ ಒಂದು ಸಣ್ಣ ತಿರುಪುಳಿ.